ಓದುಗರ ಪ್ರಶ್ನೆ: ಕಡಲೊಳಗೆ ಕಟ್ಟಿ ಮುಗಿಯದ ಗೋಡೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಉದ್ದಕ್ಕೂ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಉದ್ದದ ಪತ್ರಗಳನ್ನು ಮೊಟಕುಗೊಳಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಒಂದು ಪುಸ್ತಕದಲ್ಲಿ ‘ಹವಳದ ಬಂಡೆ’ ಎಂದಿದೆ, ಇನ್ನೊಂದರಲ್ಲಿ ‘ಹವಳದ ಜೀವಿ’ ಎಂದಿದೆ. ಚಿತ್ರ ನೋಡಿದರೆ ಗಿಡದಂತೆ ಕಾಣುತ್ತದೆ. ಮಕ್ಕಳಿಗೆ ಏನೆಂದು ಹೇಳಿಕೊಡಲಿ? (ಶಾಲಾ ಶಿಕ್ಷಕಿ, ಶಿರಸಿ)

ಉತ್ತರ: ಮೂರೂ ಒಂದೊಂದು ರೀತಿಯಲ್ಲಿ ಸರಿಯೇ. ಆದರೆ ಮೊದಲು ಹೇಳಬೇಕಾದದ್ದು ಹವಳವೊಂದು ಪ್ರಾಣಿ ಎಂಬುದನ್ನು. ಇದರ ಒಂದೊಂದು ಜೀವಿಯನ್ನು ಪಾಲಿಪ್ ಎಂದು ಕರೆಯುತ್ತಾರೆ. ಬಹುಪಾಲು ಜಾತಿಗಳಲ್ಲಿ ಅದು ಕೆಲವೇ ಮಿಲಿಮೀಟರ್ ಅಗಲದ, ಚೀಲದಂತಹ ಮೆತ್ತನೆಯ ದೇಹ. ಮೇಲ್ಗಡೆ ಒಂದೇ ಬಾಯಿ. ಅದರ ಸುತ್ತ ಕುಟುಕುವ ಕಣಗಳುಳ್ಳ ಪುಟ್ಟ ಕೈಗಳು. ಲೋಳೆಮೀನು ಇದರ ಬಳಗಕ್ಕೆ ಸೇರಿದ್ದು. ಪಾಲಿಪ್ ತನ್ನ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಬಟ್ಟಲೊಂದನ್ನು ಕಟ್ಟಿಕೊಂಡು ಅದರಲ್ಲಿ ಕೂರುತ್ತದೆ. ಕಾಲ ಕಳೆದಂತೆ ಹಳೆಯ ಬಟ್ಟಲನ್ನು ಕೆಳಗೆ ಬಿಟ್ಟು ಅದರ ಮೇಲೆ ಹೊಸದನ್ನು ಕಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಮನೆಗಳಿಗೆ ಸುಣ್ಣ ಬಳಿಯಲು ಸುಡುತ್ತಿದ್ದ ಕಡಲ ಚಿಪ್ಪುಗಳಲ್ಲಿ ಇರುವುದೂ ಇದೇ ವಸ್ತು. ಹೀಗಾಗಿ ದಿಬ್ಬದ ಮೇಲ್ಮೈಯಲ್ಲಿ ಮಾತ್ರ ಜೀವಂತ ತೊಗಲು ಇರುತ್ತದೆ, ಅದರ ಕೆಳಗಿರುವುದೆಲ್ಲ ಹಿಂದಿನ ತಲೆಮಾರುಗಳ ಅಸ್ಥಿ.

ಗಿಡದ ಅಂಶವೂ ಇದರಲ್ಲಿದೆ. ಪಾಲಿಪ್‌ನ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶದ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಹೀಗೆಯೇ ಒದಗುವುದುಂಟು. ಪ್ರತಿಯಾಗಿ ಪಾಲಿಪ್ ಹೊರಹಾಕುವ ಸಾರಜನಕದ ತ್ಯಾಜ್ಯ ಪಾಚಿಗೆ ಗೊಬ್ಬರವಾಗುತ್ತದೆ. ಉಷ್ಣವಲಯದ ತಿಳಿನೀಲಿ ಕಡಲು ನೋಡಲು ಚೆಂದ, ಆದರೆ ಪೋಷಕಾಂಶಗಳ ಲೆಕ್ಕದಲ್ಲಿ ಅದು ಬರಡು. ಅಂತಹ ನೀರಿನಲ್ಲಿ ಇಷ್ಟು ಸಮೃದ್ಧ ಜೀವಲೋಕ ನಿಂತಿರುವುದು, ಒಂದು ಚೂರನ್ನೂ ಪೋಲು ಮಾಡದ ಈ ಒಳವ್ಯವಹಾರದಿಂದ. ಒಳಗೆ ಗಿಡವನ್ನು ಸಾಕಿಕೊಂಡು, ಕೆಳಗೆ ಕಲ್ಲನ್ನು ಕಟ್ಟುವ ಪ್ರಾಣಿ ಎಂದು ಹೇಳಿದರೆ ಮಕ್ಕಳು ಮರೆಯಲಾರರು.

ಪ್ರಶ್ನೆ: ಇದಕ್ಕೆ ‘ಬ್ಯಾರಿಯರ್’ ಅಂದರೆ ತಡೆಗೋಡೆ ಎಂಬ ಹೆಸರೇಕೆ? ಡಾರ್ವಿನ್ ವಿವರಿಸಿದ ಮುಳುಗುವ ದ್ವೀಪಗಳ ವಾದ ಇದಕ್ಕೂ ಅನ್ವಯಿಸುತ್ತದೆಯೇ? (ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ದಡಕ್ಕೆ ಅಂಟಿಕೊಂಡು ಬೆಳೆದರೆ ಅಂಚಿನ ದಿಬ್ಬ, ದಡಕ್ಕೂ ತನಗೂ ನಡುವೆ ಅಗಲವಾದ ನೀರನ್ನು ಬಿಟ್ಟು ಹೊರಗಡಲಿನತ್ತ ಸಾಲುಗಟ್ಟಿದರೆ ತಡೆಗೋಡೆ ದಿಬ್ಬ, ನಡುವೆ ನೆಲವೇ ಇಲ್ಲದೆ ಬಳೆಯಂತೆ ಸುತ್ತಿಕೊಂಡಿದ್ದರೆ ಅಟಾಲ್. ಈ ಮೂರೂ ಒಂದೇ ಕಥೆಯ ಮೂರು ಘಟ್ಟಗಳು ಎಂದು 1842ರಲ್ಲಿ ಚಾರ್ಲ್ಸ್ ಡಾರ್ವಿನ್ ವಾದಿಸಿದರು. ಜ್ವಾಲಾಮುಖಿ ದ್ವೀಪ ನಿಧಾನವಾಗಿ ಕುಸಿಯುತ್ತದೆ, ಅದರ ಸುತ್ತಲಿನ ಹವಳ ಬೆಳಕನ್ನು ಕಳೆದುಕೊಳ್ಳದಂತೆ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ದ್ವೀಪ ಮುಳುಗಿ ಬಳೆ ಮಾತ್ರ ಉಳಿಯುತ್ತದೆ ಎಂಬುದು ಅವರ ತರ್ಕ. 1952ರಲ್ಲಿ ಪೆಸಿಫಿಕ್ ಸಾಗರದ ಎನೆವೆಟಾಕ್ ಅಟಾಲ್‌ನಲ್ಲಿ ಕೊರೆದಾಗ ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪನೆಯ ಸುಣ್ಣಕಲ್ಲಿನ ಅಡಿಯಲ್ಲಿ ಜ್ವಾಲಾಮುಖಿಯ ಶಿಲೆಯೇ ಸಿಕ್ಕಿತು. ನೂರಹತ್ತು ವರ್ಷಗಳ ಬಳಿಕ ಪುರಾವೆ ಒದಗಿದಂತಾಯಿತು.

ಆದರೆ ಗ್ರೇಟ್ ಬ್ಯಾರಿಯರ್ ರೀಫ್ ಈ ಕಥೆಗೆ ಸರಿಯಾಗಿ ಹೊಂದುವುದಿಲ್ಲ. ಅದು ನಿಂತಿರುವುದು ಕುಸಿಯುವ ಜ್ವಾಲಾಮುಖಿಯ ಮೇಲಲ್ಲ, ಖಂಡದ ಅಂಚಿನ ಆಳವಿಲ್ಲದ ತಳದ ಮೇಲೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಇಂದು ಮೀನುಗಳು ಈಜುವಲ್ಲಿ ಅಂದು ಬಯಲು, ಗುಡ್ಡ, ನದಿಕಣಿವೆಗಳಿದ್ದವು, ಜನರೂ ಇದ್ದರು. ಹಿಮ ಕರಗಿ ಕಡಲು ಏರಿದಾಗ ಹಳೆಯ ದಿಬ್ಬಗಳ ಸುಣ್ಣಕಲ್ಲಿನ ತಲೆಯ ಮೇಲೆ ಹೊಸ ಹವಳ ನೆಲೆಯೂರಿತು. ಇಂದು ನಾವು ಕಾಣುವ ಜೀವಂತ ದಿಬ್ಬದ ವಯಸ್ಸು ಹತ್ತು ಸಾವಿರ ವರ್ಷಗಳಿಗಿಂತ ಕಡಿಮೆ. ಕೇರ್ನ್ಸ್ ಪ್ರದೇಶದ ಇಡಿಂಜಿ ಮೂಲನಿವಾಸಿಗಳ ಬಾಯಿಮಾತಿನ ಕಥೆಗಳಲ್ಲಿ, ಈಗ ದಿಬ್ಬವಿರುವಲ್ಲಿ ಹಿಂದೆ ಕಡಲತಡಿಯಿತ್ತು ಎಂಬ ನೆನಪು ಉಳಿದುಬಂದಿದೆ. ಬರವಣಿಗೆಯಿಲ್ಲದೆ ಅಷ್ಟು ಸಾವಿರ ವರ್ಷ ಒಂದು ಸಂಗತಿ ಉಳಿದಿರುವುದು, ನನ್ನ ಮಟ್ಟಿಗೆ, ದಿಬ್ಬದಷ್ಟೇ ದೊಡ್ಡ ಸೋಜಿಗ.

ಗೋಡೆ ಎಂದೊಡನೆ ಒಂದೇ ಅಖಂಡ ಕಟ್ಟೆಯನ್ನು ಕಲ್ಪಿಸಿಕೊಳ್ಳಬಾರದು. ಸುಮಾರು 2,300 ಕಿ.ಮೀ. ಉದ್ದಕ್ಕೆ, ಅಂದರೆ ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯ ಏಳು ಪಟ್ಟು ದೂರಕ್ಕೆ, ಸುಮಾರು 3,000 ಬಿಡಿ ದಿಬ್ಬಗಳು ಚದುರಿವೆ. ನಡುನಡುವೆ ಕಂಡಿಗಳಿವೆ. ಆ ಕಂಡಿಗಳನ್ನು ಅರಿಯದ ನಾವಿಕನಿಗೆ ಮಾತ್ರ ಅದು ನಿಜವಾಗಿಯೂ ಗೋಡೆಯೇ ಆಗಿತ್ತು: 1770ರ ಜೂನ್ 11ರ ರಾತ್ರಿ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಆರು ಫಿರಂಗಿಗಳೂ ಸೇರಿದಂತೆ ಟನ್ನುಗಟ್ಟಲೆ ಭಾರವನ್ನು ಕಡಲಿಗೆಸೆದ ಬಳಿಕವೇ ಅದು ತೇಲಿದ್ದು. ದುರಸ್ತಿಗೆಂದು ದಡಕ್ಕೆಳೆದಾಗ, ತಳದ ತೂತಿಗೆ ಹವಳದ ತುಂಡೊಂದು ಬೆಣೆಯಂತೆ ಸಿಕ್ಕಿಕೊಂಡು ನೀರನ್ನು ತಡೆದಿದ್ದುದು ಕಂಡಿತು. ಹಡಗನ್ನು ಒಡೆದದ್ದೂ ಉಳಿಸಿದ್ದೂ ಹವಳವೇ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಲ್ಲಿ ವರ್ಷಪೂರ್ತಿ ಮೀನುಗಾರಿಕೆ ನಿಷೇಧಿಸಿದ ಜಾಗಗಳಿವೆಯಂತೆ. ಇದರಿಂದ ಮೀನು ಹೆಚ್ಚಿದೆಯೇ, ಇಲ್ಲವೇ ಮೀನುಗಾರರ ಹೊಟ್ಟೆಗೆ ಹೊಡೆದದ್ದಷ್ಟೆಯೇ? (ಓದುಗರು, ಮಲ್ಪೆ)

ಉತ್ತರ: ಎರಡಕ್ಕೂ ಉತ್ತರ ಕೊಡಬೇಕು. 1975ರ ಕಾನೂನಿನಡಿ ರಚಿತವಾದ ಸಾಗರ ಉದ್ಯಾನದ ವಿಸ್ತೀರ್ಣ ಸುಮಾರು 3,44,400 ಚದರ ಕಿ.ಮೀ.; ನಮ್ಮ ರಾಜ್ಯಕ್ಕಿಂತ ಬಹಳ ದೊಡ್ಡದು. ಅದರಲ್ಲಿ ಮೀನು ಹಿಡಿಯುವುದನ್ನು ಪೂರ್ತಿ ನಿಷೇಧಿಸಿದ ಪಾಲು ಮೊದಲು ಶೇ. 5ಕ್ಕಿಂತ ಕಡಿಮೆಯಿತ್ತು, 2004ರಲ್ಲಿ ಅದನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಏರಿಸಲಾಯಿತು. ಮೀನುಗಾರರು ವಿರೋಧಿಸಿದರು, ಸರ್ಕಾರ ಪರಿಹಾರ ಕೊಡಬೇಕಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಬೆಲೆಬಾಳುವ ಕೋರಲ್ ಟ್ರೌಟ್ ಮೀನು, ಮುಚ್ಚಿದ ದಿಬ್ಬಗಳಲ್ಲಿ ತೆರೆದ ದಿಬ್ಬಗಳಿಗಿಂತ ಹೆಚ್ಚೂಕಡಿಮೆ ಎರಡರಷ್ಟು ತೂಕದಲ್ಲಿ ಕಂಡುಬಂದಿತು. ಕೆಪೆಲ್ ದ್ವೀಪಗಳಲ್ಲಿ ಮರಿಮೀನುಗಳ ತಂದೆತಾಯಿಯರನ್ನು ಡಿಎನ್‌ಎ ಮೂಲಕ ಪತ್ತೆಹಚ್ಚಿದಾಗ, ಮುಚ್ಚಿದ ಜಾಗದಲ್ಲಿ ಹುಟ್ಟಿದ ಮರಿಗಳು ಹೊರಗಿನ, ಬಲೆ ಬೀಳುವ ನೀರಿಗೂ ಹೋಗಿ ನೆಲೆಸುತ್ತವೆ ಎಂಬುದು ಖಚಿತವಾಯಿತು. ಆದ್ದರಿಂದ ಮುಚ್ಚಿದ್ದರ ಲಾಭ ಹೊರಗಿನವರಿಗೂ ತಲುಪಿದೆ. ಆದರೆ ಅಲ್ಲಿ ಬೇರೆ ದುಡಿಮೆಗೆ ಹೊರಳಲು ಜನರಿಗೆ ಹಣವೂ ಅವಕಾಶವೂ ಇದ್ದವು ಎಂಬುದನ್ನು ಬಿಟ್ಟು, ಆ ಮಾದರಿಯನ್ನು ಇದ್ದಂತೆಯೇ ಎತ್ತಿಕೊಂಡು ಬಂದು ಮಲ್ಪೆಯಲ್ಲಿ ಇಳಿಸುವುದು ಜಾಣತನವಲ್ಲ.

ಮೀನು ದಿಬ್ಬಕ್ಕೆ ಬರಿಯ ಬಾಡಿಗೆದಾರನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗಿಣಿಯ ಕೊಕ್ಕಿನಂತಹ ಹಲ್ಲುಗಳಿರುವ ಗಿಣಿಮೀನುಗಳು ಸುಣ್ಣಕಲ್ಲನ್ನು ಕೆರೆದು ಪಾಚಿ ತಿನ್ನುತ್ತವೆ. ಕೆರೆದ ಕಲ್ಲು ಅವುಗಳ ಗಂಟಲಿನ ಗಿರಣಿಯಲ್ಲಿ ಪುಡಿಯಾಗಿ ಬಿಳಿ ಮರಳಾಗಿ ಹೊರಬೀಳುತ್ತದೆ. ಅವುಗಳಲ್ಲಿ ಅತಿ ದೊಡ್ಡದಾದ, ಹಣೆಯಲ್ಲಿ ಗುಬಟಿರುವ ಜಾತಿಯ ಒಂದು ಮೀನು ವರ್ಷಕ್ಕೆ ಸುಮಾರು ಐದು ಟನ್ ದಿಬ್ಬವನ್ನು ಅಗಿಯುತ್ತದೆ. ಪ್ರವಾಸಿಗರು ಬರಿಗಾಲಲ್ಲಿ ಓಡಾಡುವ ದ್ವೀಪಗಳ ಮರಳಿನಲ್ಲಿ ಗಣನೀಯ ಪಾಲು ಇವುಗಳ ಮಲ. ಕೆಡವುವ ಈ ಕೆಲಸದಿಂದಲೇ ಪಾಚಿ ತೆರವಾಗಿ ಹೊಸ ಹವಳದ ಮರಿಗೆ ಜಾಗ ಸಿಗುತ್ತದೆ. ಇನ್ನೊಂದು, ಬೆರಳಿನಷ್ಟೇ ಇರುವ ನೀಲಿ ಪಟ್ಟೆಯ ಶುಚಿಗಾರ ಮೀನು; ದೊಡ್ಡ ಮೀನುಗಳು ಸರದಿಯಲ್ಲಿ ನಿಂತು ಬಾಯಿ ತೆರೆದುಕೊಡುತ್ತವೆ, ಅದು ಒಳಹೊಕ್ಕು ಪರೋಪಜೀವಿಗಳನ್ನು ಹೆಕ್ಕುತ್ತದೆ. ಲಿಜರ್ಡ್ ದ್ವೀಪದ ಬಳಿ ನಡೆದ ಅಧ್ಯಯನವು ಇಂತಹ ಒಂದು ಮೀನು ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಗಿರಾಕಿಗಳನ್ನು ನೋಡುತ್ತದೆ ಎಂದು ಲೆಕ್ಕಹಾಕಿತು. ಗಿರಾಕಿಯ ಚರ್ಮದ ಲೋಳೆಯನ್ನು ಅದು ಆಗಾಗ ಕದ್ದು ಕಚ್ಚುವುದೂ ಉಂಟು!

ಪ್ರಶ್ನೆ: ಕಲ್ಲಿಗೆ ಅಂಟಿಕೊಂಡ ಪ್ರಾಣಿ ಸಂತಾನಾಭಿವೃದ್ಧಿ ಹೇಗೆ ಮಾಡುತ್ತದೆ? (ಓದುಗರು, ಪುತ್ತೂರು)

ಉತ್ತರ: ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹುತ್ತಗಳಿಂದ ಈಸಲು ಹುಳುಗಳು ಒಮ್ಮೆಗೇ ಏಳುವುದನ್ನು ನೀವು ನೋಡಿರುತ್ತೀರಿ. ಹವಳದ್ದೂ ಅದೇ ಉಪಾಯ. ದಕ್ಷಿಣ ಗೋಳಾರ್ಧದ ಬೇಸಿಗೆ ಆರಂಭವಾಗುವ ಹೊತ್ತಿಗೆ, ಬಹುತೇಕ ನವೆಂಬರಿನಲ್ಲಿ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹವಳಗಳು ಅಂಡಾಣು, ವೀರ್ಯಾಣುಗಳನ್ನು ಸಾಸಿವೆ ಕಾಳಿನಂತಹ ಗುಲಾಬಿ ಉಂಡೆಗಳಾಗಿ ಕಟ್ಟಿ ಏಕಕಾಲಕ್ಕೆ ಬಿಡುತ್ತವೆ. ಉಂಡೆಗಳು ತೇಲಿ ಮೇಲೆ ಬಂದು ಒಡೆದು ಬೆರೆಯುತ್ತವೆ. ಬೆಳಗಾಗುವಷ್ಟರಲ್ಲಿ ನೀರಿನ ಮೇಲೆ ಗುಲಾಬಿ ಕೆನೆ ಹರಡಿರುತ್ತದೆ. ತಿನ್ನಲು ಬರುವ ಮೀನುಗಳ ಹೊಟ್ಟೆ ತುಂಬಿದರೂ ಸಾಕಷ್ಟು ಉಳಿದಿರುತ್ತದೆ. ಇಷ್ಟು ದೊಡ್ಡ ಘಟನೆ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1980ರ ದಶಕದ ಆರಂಭದಲ್ಲಿ, ಟೌನ್ಸ್‌ವಿಲ್ ಬಳಿಯ ಮ್ಯಾಗ್ನೆಟಿಕ್ ದ್ವೀಪದಲ್ಲಿ ರಾತ್ರಿ ನೀರಿಗಿಳಿದ ಯುವ ಸಂಶೋಧಕರಿಂದ. ಅಲ್ಲಿಯವರೆಗೆ, ಹೆಚ್ಚಿನ ಹವಳಗಳು ಮರಿಗಳನ್ನು ಮೈಯೊಳಗೇ ಬೆಳೆಸಿ ಬಿಡುತ್ತವೆ ಎಂದೇ ಪಠ್ಯಗಳು ಹೇಳುತ್ತಿದ್ದವು.

ಪ್ರಶ್ನೆ: ಕಬ್ಬಿನ ಗದ್ದೆಗೆ ಹಾಕಿದ ಗೊಬ್ಬರದಿಂದ ಸಮುದ್ರದ ಹವಳ ಸಾಯುತ್ತದೆ ಎಂದು ಓದಿದೆ. ರೈತನ ತಲೆಗೆ ಎಲ್ಲವನ್ನೂ ಕಟ್ಟುವ ಚಾಳಿ ಇದಲ್ಲವೇ? (ಕಬ್ಬು ಬೆಳೆಗಾರರು, ಮಂಡ್ಯ)

ಉತ್ತರ: ನಿಮ್ಮ ಅಸಮಾಧಾನ ಅರ್ಥವಾಗುತ್ತದೆ, ಕ್ವೀನ್ಸ್‌ಲ್ಯಾಂಡಿನ ಕಬ್ಬು ಬೆಳೆಗಾರರೂ ಇದೇ ಮಾತನ್ನು ಆಡುತ್ತಾರೆ. ಆದರೆ ಸಂಬಂಧ ನಿಜ, ಅದು ಸುತ್ತುಬಳಸಿನದು. ಅಲ್ಲಿ ಕಬ್ಬು ಬೆಳೆಯುವುದು ಕಡಲಿಗೆ ಹತ್ತಿರದ ತಗ್ಗು ಬಯಲಿನಲ್ಲಿ. ಮಳೆಗಾಲದ ಪ್ರವಾಹ ಬೆಳೆ ಹೀರದೆ ಬಿಟ್ಟ ಸಾರಜನಕವನ್ನು ತೊಳೆದು ಒಯ್ಯುತ್ತದೆ. ಮೇಲಿನ ಹುಲ್ಲುಗಾವಲುಗಳಿಂದ ಬರ್ಡೆಕಿನ್‌ನಂತಹ ನದಿಗಳು ಮಣ್ಣನ್ನೂ ತರುತ್ತವೆ. ಮಣ್ಣು ಬೆಳಕನ್ನು ತಡೆಯುತ್ತದೆ. ಸಾರಜನಕ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಹೆಚ್ಚಿಸುತ್ತದೆ, ಆ ಪಾಚಿಯನ್ನು ತಿನ್ನುವುದು ಮುಳ್ಳುಕಿರೀಟ ನಕ್ಷತ್ರಮೀನಿನ ಮರಿಗಳು.

ಇಪ್ಪತ್ತರವರೆಗೂ ತೋಳುಗಳಿರುವ, ಮೈತುಂಬ ವಿಷಮುಳ್ಳಿನ ಈ ನಕ್ಷತ್ರಮೀನು ತನ್ನ ಜಠರವನ್ನು ಬಾಯಿಂದ ಹೊರಚಾಚಿ ಜೀವಂತ ಹವಳದ ಮೇಲೆ ಹಾಸಿ ಅಲ್ಲೇ ಜೀರ್ಣಿಸಿಕೊಳ್ಳುತ್ತದೆ. ಒಂದು ಹೆಣ್ಣು ಒಂದು ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆಯಿಡಬಲ್ಲದು. ಸಾಮಾನ್ಯ ಕಾಲದಲ್ಲಿ ಮರಿಗಳು ಹಸಿವಿನಿಂದ ಸಾಯುತ್ತವೆ. ಪ್ರವಾಹದ ವರ್ಷ ಬದುಕುಳಿದರೆ ದಂಡೇ ಏಳುತ್ತದೆ. 1960ರ ದಶಕದಿಂದ ಇಂತಹ ದಾಳಿಗಳು ಮತ್ತೆಮತ್ತೆ ಬಂದಿವೆ. ದಾಳಿಗೆ ಪೋಷಕಾಂಶಗಳೇ ಮುಖ್ಯ ಕಾರಣವೇ, ಅಥವಾ ಇದನ್ನು ತಿನ್ನುವ ದೊಡ್ಡ ಟ್ರೈಟನ್ ಶಂಖದ ಪ್ರಾಣಿಯನ್ನೂ ಮೀನುಗಳನ್ನೂ ಜನ ಹಿಡಿದದ್ದೂ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಹಾಗಾಗಿ ಎಲ್ಲ ಹೊಣೆಯನ್ನೂ ಕಬ್ಬಿನ ಮೇಲೆ ಹೊರಿಸುವುದನ್ನು ನಾನೂ ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆಯ ತಜ್ಞರು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ 1985ರಿಂದ 27 ವರ್ಷಗಳಲ್ಲಿ ಹವಳದ ಹೊದಿಕೆ (ತಳದಲ್ಲಿ ಜೀವಂತ ಹವಳ ಆವರಿಸಿರುವ ಪಾಲು) ಅರ್ಧಕ್ಕಿಳಿದಿತ್ತು; ಆ ನಷ್ಟದಲ್ಲಿ ಶೇ. 48 ಚಂಡಮಾರುತಗಳಿಂದ, ಶೇ. 42 ಈ ನಕ್ಷತ್ರಮೀನಿನಿಂದ, ಶೇ. 10 ಬಿಳಿಚಿಕೆಯಿಂದ (ಇದರ ವಿವರ ಮುಂದಿನ ಉತ್ತರದಲ್ಲಿದೆ). ಈಗ ಮುಳುಗುಗಾರರು ಒಂದೊಂದನ್ನೇ ಹುಡುಕಿ ಎತ್ತಿನ ಪಿತ್ತರಸವನ್ನೋ ವಿನೆಗರನ್ನೋ ಚುಚ್ಚಿ ಕೊಲ್ಲುತ್ತಾರೆ. ಗದ್ದೆಯ ಕಡೆಯಿಂದ ಬೇಕಾದದ್ದು ನಿಮಗೆ ಹೊಸದಲ್ಲ: ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ, ಬದುಗಳಲ್ಲಿ ಹುಲ್ಲು.

ಪ್ರಶ್ನೆ: ಬಿಳಿಚಿಕೊಂಡ ಹವಳ ಸತ್ತಂತೆಯೇ? ಒಮ್ಮೆ ದಿಬ್ಬ ಸಾಯುತ್ತಿದೆ ಎನ್ನುತ್ತಾರೆ, ಮತ್ತೊಮ್ಮೆ ದಾಖಲೆಯ ಚೇತರಿಕೆ ಎನ್ನುತ್ತಾರೆ. ಯಾವುದನ್ನು ನಂಬುವುದು? (ಓದುಗರು, ಧಾರವಾಡ)

ಉತ್ತರ: ಬಿಳಿಚಿದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ಬೇಸಿಗೆಯ ಎಂದಿನ ಗರಿಷ್ಠ ಉಷ್ಣತೆಗಿಂತ ನೀರು ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ, ಮೈಯೊಳಗಿನ ಪಾಚಿಯ ಕಾರ್ಖಾನೆ ಕೆಟ್ಟು ವಿಷಕಾರಿ ಆಮ್ಲಜನಕದ ರೂಪಗಳನ್ನು ಉಗುಳತೊಡಗುತ್ತದೆ. ಪಾಲಿಪ್ ಅನಿವಾರ್ಯವಾಗಿ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಪಾಚಿಯದಾದ್ದರಿಂದ ಪಾರದರ್ಶಕ ತೊಗಲಿನ ಕೆಳಗಿನ ಬಿಳಿ ಅಸ್ಥಿ ಕಾಣುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ನೆಲೆಸುತ್ತದೆ, ತಣಿಯದಿದ್ದರೆ ಹವಳ ಸಾಯುತ್ತದೆ.

ದಿಬ್ಬವನ್ನು ಜಮಾಖರ್ಚಿನ ಪುಸ್ತಕದಂತೆ ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆ ಬಿಡಿಸಿಕೊಳ್ಳುತ್ತದೆ. ಚಂಡಮಾರುತ, ನಕ್ಷತ್ರಮೀನು, ಗಿಣಿಮೀನು ಇವೆಲ್ಲ ಎಂದಿನಿಂದಲೂ ಖರ್ಚಿನ ಬಾಬತ್ತುಗಳೇ. ಜಮಾ ಅದಕ್ಕಿಂತ ಮುಂದಿರುತ್ತಿದ್ದುದರಿಂದ ಗೋಡೆ ನಿಂತಿತ್ತು. ಕೊಂಬೆಗಳಂತೆ ಕವಲೊಡೆಯುವ ಅಕ್ರೊಪೊರ ಹವಳಗಳು ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಬೆಳೆಯಬಲ್ಲವು, ಗುಂಡುಕಲ್ಲಿನಂತಹ ಪೊರೈಟಿಸ್ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಹೊಡೆತ ಬಿದ್ದ ದಿಬ್ಬವೊಂದು ಚೇತರಿಸಿಕೊಳ್ಳಲು ಹತ್ತು ಹದಿನೈದು ವರ್ಷ ಬೇಕು. ವ್ಯಾಪಕ ಬಿಳಿಚಿಕೆ ದಾಖಲಾದದ್ದು 1998, 2002, ಆಮೇಲೆ 2016, 2017, 2020, 2022, 2024, 2025ರಲ್ಲಿ. ಈ ಇಸವಿಗಳ ನಡುವಿನ ಅಂತರವನ್ನು ನೋಡಿ. ಕಳವಳ ಇರುವುದು ಅಲ್ಲಿ. 2022ರಲ್ಲಿ ಉತ್ತರ ಮತ್ತು ನಡುಭಾಗಗಳಲ್ಲಿ ಹವಳದ ಹೊದಿಕೆ 36 ವರ್ಷಗಳಲ್ಲೇ ಅತಿ ಹೆಚ್ಚು ಕಂಡುಬಂದದ್ದು ಸತ್ಯ. ಆದರೆ ಅದನ್ನು ತುಂಬಿದ್ದು ಮುಖ್ಯವಾಗಿ ಬೇಗ ಬೆಳೆಯುವ ಅಕ್ರೊಪೊರ. ಬಿಸಿಗೂ ಅಲೆಗೂ ನಕ್ಷತ್ರಮೀನಿಗೂ ಮೊದಲು ಬಲಿಯಾಗುವುದೂ ಅದೇ. ಕಡಿದ ಕಾಡಿನಲ್ಲಿ ಮೊದಲು ಎದ್ದ ಹಸಿರನ್ನು ಕಂಡು ಕಾಡು ಮರಳಿತು ಎಂದಂತೆ. ಎರಡೂ ಸುದ್ದಿ ಸುಳ್ಳಲ್ಲ, ಎರಡನೆಯದಕ್ಕೆ ಕೊಟ್ಟ ಶೀರ್ಷಿಕೆ ಮಾತ್ರ ಅತಿಯಾಯಿತು.

ಬಿಸಿಯ ಪರಿಣಾಮ ಹವಳಕ್ಕಷ್ಟೇ ನಿಲ್ಲುವುದಿಲ್ಲ. ಕಡಲಾಮೆಯ ಮರಿ ಹೆಣ್ಣೋ ಗಂಡೋ ಎಂಬುದನ್ನು ಗೂಡಿನ ಮರಳಿನ ಉಷ್ಣತೆ ನಿರ್ಧರಿಸುತ್ತದೆ. ದಿಬ್ಬದ ಉತ್ತರ ಭಾಗದ ಹಸಿರು ಆಮೆಗಳ ಎಳೆಯ ಪೀಳಿಗೆಯಲ್ಲಿ ಶೇ. 99 ಹೆಣ್ಣೇ ಎಂದು 2018ರ ಅಧ್ಯಯನವೊಂದು ಕಂಡುಕೊಂಡಿತು.

ಪ್ರಶ್ನೆ: ಇಷ್ಟು ದೂರದ ದಿಬ್ಬ ಉಳಿದರೆಷ್ಟು, ಅಳಿದರೆಷ್ಟು? ಅಲ್ಲಿಯವರಿಗಾದರೂ ಅದರಿಂದ ಏನು ಉಪಯೋಗ? (ಓದುಗರು, ಬೆಂಗಳೂರು)

ಉತ್ತರ: ಹವಳದ ದಿಬ್ಬಗಳು ಸಾಗರತಳದಲ್ಲಿ ಶೇ. 1ಕ್ಕಿಂತಲೂ ಕಡಿಮೆ ಜಾಗದಲ್ಲಿವೆ. ಆದರೆ ಕಡಲಿನ ಜೀವಿಜಾತಿಗಳಲ್ಲಿ ಸುಮಾರು ಕಾಲು ಭಾಗ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅವುಗಳನ್ನು ಅವಲಂಬಿಸಿವೆ. ಇದೊಂದೇ ಸಾಲಿನಲ್ಲಿ 1,500ಕ್ಕೂ ಹೆಚ್ಚು ಜಾತಿಯ ಮೀನುಗಳಿವೆ, ಜಗತ್ತಿನ ಏಳು ಬಗೆಯ ಕಡಲಾಮೆಗಳಲ್ಲಿ ಆರು ಇವೆ. ಅಲೆಗಳ ಶಕ್ತಿಯಲ್ಲಿ ಸರಾಸರಿ ಶೇ. 97ನ್ನು ಹವಳದ ದಿಬ್ಬಗಳು ಹೀರಿಕೊಳ್ಳುತ್ತವೆ ಎಂದು ಜಗತ್ತಿನ ಹಲವೆಡೆಯ ಅಳತೆಗಳನ್ನು ಕೂಡಿಸಿ 2014ರಲ್ಲಿ ಅಂದಾಜಿಸಲಾಯಿತು. ಹಣದ ಭಾಷೆಯೇ ಬೇಕೆನ್ನುವವರಿಗೆ: ಪ್ರವಾಸೋದ್ಯಮವೇ ಮೊದಲಾದವುಗಳಿಂದ ಆಸ್ಟ್ರೇಲಿಯಾಕ್ಕೆ ವರ್ಷಕ್ಕೆ 640 ಕೋಟಿ ಡಾಲರ್, 64,000 ಉದ್ಯೋಗ ಎಂಬುದು 2017ರ ಲೆಕ್ಕ.

ಒಂದು ಕಾಲಕ್ಕೆ ಅದರ ಬೆಲೆ ಬರಿಯ ಸುಣ್ಣದ ಬೆಲೆಯಾಗಿತ್ತು. 1967ರಲ್ಲಿ ಎಲಿಸನ್ ರೀಫ್ ಎಂಬ ದಿಬ್ಬವನ್ನು ಅಗೆದು ಕಬ್ಬಿನ ಹೊಲಗಳಿಗೆ ಸುಣ್ಣ ಒದಗಿಸಲು ಅರ್ಜಿ ಬಂತು. ಅದು ಹೇಗೂ ಸತ್ತ ದಿಬ್ಬ ಎಂಬುದು ಸಮರ್ಥನೆ. ಕವಯಿತ್ರಿ ಜುಡಿತ್ ರೈಟ್, ಚಿತ್ರಕಾರ ಜಾನ್ ಬ್ಯೂಸ್ಟ್, ಸಸ್ಯವಿಜ್ಞಾನಿ ಲೆನ್ ವೆಬ್ ಮುಂದೆ ನಿಂತು ವಿರೋಧಿಸಿದರು. ಮುಳುಗಿ ನೋಡಿದವರು ಅಲ್ಲಿ ಜೀವಿಗಳು ತುಂಬಿರುವುದನ್ನು ದಾಖಲಿಸಿದರು, ಅರ್ಜಿ ತಿರಸ್ಕೃತವಾಯಿತು. ಮುಂದೆ ತೈಲ ಕೊರೆಯುವ ಯೋಜನೆಗಳ ವಿರುದ್ಧ ನಡೆದ ಹೋರಾಟ, 1975ರ ಕಾನೂನು, 1981ರ ವಿಶ್ವ ಪರಂಪರೆಯ ಮಾನ್ಯತೆ, ಇವೆಲ್ಲದರ ಬೇರು ಆ ಒಂದು ಸಣ್ಣ ಅರ್ಜಿಯ ವಿಚಾರಣೆಯಲ್ಲಿದೆ.

ಪ್ರಶ್ನೆ: ಚಂದ್ರನಿಂದ ಇದು ಕಾಣುತ್ತದೆಯೇ? (ಏಳನೆಯ ತರಗತಿ ವಿದ್ಯಾರ್ಥಿ, ಗದಗ)

ಉತ್ತರ: ಇಲ್ಲ. ಭೂಮಿಯ ಸುತ್ತ ತಿರುಗುವ ಬಾಹ್ಯಾಕಾಶ ನಿಲ್ದಾಣದಿಂದ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿರುವುದೂ ಇಂತಹ ದಿಬ್ಬವೇ? (ಓದುಗರು, ಭಟ್ಕಳ)

ಉತ್ತರ: ನೇತ್ರಾಣಿಯಲ್ಲಿ ಹವಳವಿದೆ, ದಿಬ್ಬವಿಲ್ಲ. ಅಲ್ಲಿ ಬಂಡೆಗಳ ಮೇಲೆ ಹವಳದ ವಸಾಹತುಗಳು ಅಲ್ಲಲ್ಲಿ ಅಂಟಿ ಬೆಳೆದಿವೆ, ತಮ್ಮದೇ ಅಸ್ಥಿಯ ಗೋಡೆಯನ್ನು ಎಬ್ಬಿಸಿಲ್ಲ. ಘಟ್ಟದಿಂದಿಳಿಯುವ ನದಿಗಳು ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಸಿಹಿನೀರನ್ನೂ ಕೆಸರನ್ನೂ ಸುರಿಯುವುದರಿಂದ ಹವಳಕ್ಕೆ ಇದು ಕಷ್ಟದ ನೆಲೆ. ದಿಬ್ಬಗಳನ್ನು ನೋಡಬೇಕಾದರೆ ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗಬೇಕು.

ಪ್ರಶ್ನೆ: ಮಂಗಳವಾರ ಹವಳದ ಉಂಗುರ ಧರಿಸುವ ನಾನು ಈ ದಿಬ್ಬಗಳ ನಾಶಕ್ಕೆ ಕಾರಣಳಾಗುತ್ತಿದ್ದೇನೆಯೇ? (ಓದುಗರು, ದಾವಣಗೆರೆ)

ಉತ್ತರ: ಈ ದಿಬ್ಬಗಳ ನಾಶಕ್ಕಲ್ಲ. ನವರತ್ನದ ಕೆಂಪು ಹವಳ ಬೇರೆಯೇ ಕುಲದ್ದು; ಮೆಡಿಟರೇನಿಯನ್ ಮೊದಲಾದ ಕಡಲುಗಳಲ್ಲಿ, ಬೆಳಕು ಮಂದವಾದ ಆಳದಲ್ಲಿ, ಪಾಚಿಯ ನೆರವಿಲ್ಲದೆ ಬಹಳ ನಿಧಾನವಾಗಿ ಬೆಳೆಯುತ್ತದೆ. ನಿಧಾನವೆಂಬ ಕಾರಣಕ್ಕೇ ಅತಿಯಾದ ಸಂಗ್ರಹದಿಂದ ಅದಕ್ಕೂ ಕುತ್ತು ಬಂದಿದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಈ ಗೊಂದಲ ಸಹಜ.

ಪ್ರಶ್ನೆ: ಬ್ರಿಸ್ಬೇನ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ, ದಿಬ್ಬವನ್ನೂ ನೋಡುವ ಯೋಚನೆಯಿದೆ. ದಡದಲ್ಲಿ ಬಿದ್ದಿರುವ ಸತ್ತ ಹವಳದ ಚೂರೊಂದನ್ನು ಷೋಕೇಸಿಗೆಂದು ತರಬಹುದೇ? (ಓದುಗರು, ತುಮಕೂರು)

ಉತ್ತರ: ತರಬೇಡಿ. ಸಾಗರ ಉದ್ಯಾನದಲ್ಲಿ ಅನುಮತಿಯಿಲ್ಲದೆ ಹವಳವನ್ನು, ಸತ್ತದ್ದನ್ನೂ, ಎತ್ತಿಕೊಳ್ಳುವಂತಿಲ್ಲ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ಸಾಗಣೆ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ; ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಹವಳವಿರುವುದರಿಂದ ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುವುದು ಸುಲಭವಾಗದು. ನೀರಿನಲ್ಲಿ ಸತ್ತು ಬಿದ್ದ ತುಂಡೂ ಖಾಲಿಯಿರುವುದಿಲ್ಲ; ಸುಣ್ಣದ ಪಾಚಿ ಅದನ್ನು ಪಕ್ಕದ ತುಂಡಿಗೆ ಬೆಸೆಯುತ್ತಿರುತ್ತದೆ, ಏಡಿಮರಿ ಒಳಗಿರುತ್ತದೆ, ಮುಂದಿನ ನವೆಂಬರಿನಲ್ಲಿ ತೇಲಿಬಂದ ಹವಳದ ಮರಿ ಕೂರಲು ಹುಡುಕುವುದೂ ಅಂತಹುದೇ ಜಾಗವನ್ನು. ನೀರಿಗಿಳಿದಾಗ ತಳದ ಮೇಲೆ ಕಾಲೂರಬೇಡಿ. ಬಿಸಿಲು ತಡೆಯುವ ಕ್ರೀಮು ಹಚ್ಚಿಕೊಳ್ಳುವ ಬದಲು ತುಂಬುತೋಳಿನ ಈಜುಡುಗೆ ತೊಡುವುದು ಒಳ್ಳೆಯದು. ಕೇರ್ನ್ಸ್‌ನಿಂದ ಹೊರಡುವ ದೋಣಿಗಳಲ್ಲಿ ವಾಂತಿಯ ಕಾಟ ಹಲವರಿಗೆ ಆಗುತ್ತದೆ, ಮಾತ್ರೆ ಇಟ್ಟುಕೊಳ್ಳಿ. ಊರಿಗೆ ಏನಾದರೂ ತರಲೇಬೇಕೆಂದಿದ್ದರೆ ಹುರಿದ ಮಕಡೇಮಿಯಾ ಬೀಜ ತನ್ನಿ. ಅದರ ಮರ ಆ ಕರಾವಳಿಯದ್ದೇ.